ಮನೆಯೊಳಗಿನ ಸೊಪ್ಪಿನ ತೋಟಕ್ಕೆ ದೀಪ ಮತ್ತು ವಿದ್ಯುತ್ ಜೋಡಣೆ

ಬಿಸಿಲು ಬಾರದ ಕೋಣೆಯಲ್ಲಿ ಸೊಪ್ಪು ಬೆಳೆಯಬಯಸುವವರು ದೀಪದ ಪೆಟ್ಟಿಗೆಯ ಮೇಲಿನ ಲ್ಯುಮೆನ್ ಅಂಕಿಯನ್ನು ನೆಚ್ಚಬಾರದು. ಅದು ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ಅಳತೆಯೇ ಹೊರತು, ದ್ಯುತಿಸಂಶ್ಲೇಷಣೆಗೆ, ಅಂದರೆ ಸಸ್ಯವು ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವುದಕ್ಕೆ, ಒದಗುವ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳ ಎಣಿಕೆಯಲ್ಲ. ಆ ಎಣಿಕೆಯ ಮಾನವಾದ ಮೈಕ್ರೋಮೋಲ್‌ನಲ್ಲಿ, ಎಲೆಗಳ ಮಟ್ಟದಲ್ಲಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಸುಮಾರು 200ರಷ್ಟು ಬೆಳಕು ದಿನಕ್ಕೆ 16 ಗಂಟೆ ದೊರೆತರೆ ಲೆಟ್ಯೂಸ್ ಚೆನ್ನಾಗಿ ಬೆಳೆಯುತ್ತದೆ. ಕೊತ್ತಂಬರಿಯಾದರೋ ದೀರ್ಘ ಬೆಳಕಿಗೆ ಬೇಗ ಹೂ ಬಿಡುವುದರಿಂದ ಅದಕ್ಕೆ 12 ಗಂಟೆಯೇ ಲೇಸು.

100 ವ್ಯಾಟಿನ ಎಲ್‌ಇಡಿ ದೀಪವು 230 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಮಾತ್ರ ಎಳೆಯುವ ಕಾರಣ 6 ಆಂಪಿಯರ್ ಸಾಕೆಟ್ ಸಾಲುತ್ತದೆ. ನಿಜವಾದ ಅಪಾಯವಿರುವುದು ನೀರು, ವಿದ್ಯುತ್ ಒಂದೆಡೆ ಸೇರುವುದರಲ್ಲಿ. ಆದ್ದರಿಂದ ವಿದ್ಯುತ್ ಸೋರಿಕೆಯನ್ನು ಗುರುತಿಸಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನು, ದೀಪ ಕೊಳ್ಳುವ ಮೊದಲೇ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿಕೊಳ್ಳಬೇಕು.