ಕರೆಂಟ್ ಬಂತೋ, ಬೇಸಿಕ್ ಬಂತು: ಚಿಮ್ಮಡದಲ್ಲೇ ಕಟ್ಟಬಹುದಾದ ಒಂದು ಪುಟ್ಟ ಕಂಪ್ಯೂಟರ್

ಮೊದಲು ಹುಡುಕಬೇಕಾದದ್ದು ಹಳೆಯ ಮಾನಿಟರ್. ಹಿಂಬದಿಯಲ್ಲಿ 15 ತೂತಿನ ವಿಜಿಎ ಸಾಕೆಟ್ ಇರುವಂಥದ್ದು, ಸಾಮಾನ್ಯವಾಗಿ ನೀಲಿ ಬಣ್ಣದ್ದು. ನಮ್ಮ ಚಿಮ್ಮಡದ ಸುತ್ತಲಿನ ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳದಲ್ಲಿ ಒಂದು ಕಾಲಕ್ಕೆ ಸೈಬರ್ ಸೆಂಟರ್ ಅಥವಾ ಡಿಟಿಪಿ ಅಂಗಡಿ ನಡೆಸಿದವರನ್ನು ಕೇಳಿ ನೋಡಿ. ಅಟ್ಟದ ಮೇಲೆ ಒಂದಾದರೂ ಧೂಳು ತಿನ್ನುತ್ತ ಕೂತಿರುತ್ತದೆ. ಇಲ್ಲವಾದರೆ ಮೋಡಕಾ ಅಂಗಡಿ. ಕೊಳ್ಳುವ ಮುಂಚೆ ಕರೆಂಟಿಗೆ ಹಾಕಿಸಿ, ಪರದೆಯಲ್ಲಿ ‘ನೋ ಸಿಗ್ನಲ್’ ಎಂಬ ಬರಹ ಮೂಡುತ್ತದೆಯೇ ನೋಡಿಕೊಳ್ಳಿ. ಮೂಡಿದರೆ ಮಾನಿಟರ್ ಬದುಕಿದೆ. ಅದೇ ರಾಶಿಯಲ್ಲಿ ದುಂಡನೆಯ ನೇರಳೆ ಪ್ಲಗ್ಗಿನ ಪಿಎಸ್-2 ಕೀಬೋರ್ಡ್ ಸಿಕ್ಕರೆ ಅದನ್ನೂ ಎತ್ತಿಕೊಳ್ಳಿ.

ಇವೆರಡು ಸಿಕ್ಕರೆ ಉಳಿದ ಖರ್ಚು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಮುಗಿಯುತ್ತದೆ. ಸಿದ್ಧವಾಗುವ ಯಂತ್ರಕ್ಕೆ ವಿಂಡೋಸ್ ಇಲ್ಲ, ಇಂಟರ್ನೆಟ್ ಇಲ್ಲ, ರೀಲ್ಸ್ ಅಂತೂ ಇಲ್ಲವೇ ಇಲ್ಲ. ಸ್ವಿಚ್ ಒತ್ತಿದ ಒಂದೆರಡು ಸೆಕೆಂಡಿನಲ್ಲಿ ಬೇಸಿಕ್ ಭಾಷೆ ಎದುರಿಗೆ ಬಂದು, ‘ಏನು ಮಾಡಲಿ ಹೇಳು’ ಎಂದು ಒಂದು ಬಾಣದ ಗುರುತು ತೋರಿಸಿ ಕಾಯುತ್ತದೆ. ನಿಜ ಹೇಳಬೇಕೆಂದರೆ ಮಾನಿಟರ್ ಎಚ್ಚರಗೊಳ್ಳಲು ಹಿಡಿಯುವ ಸಮಯವೇ ಇದಕ್ಕಿಂತ ಹೆಚ್ಚು.

1980ರ ದಶಕದಲ್ಲಿ ಮನೆಬಳಕೆಯ ಕಂಪ್ಯೂಟರ್‌ಗಳು ಬಹುತೇಕ ಹೀಗೆಯೇ ಇದ್ದವು. 1981ರ ಬಿಬಿಸಿ ಮೈಕ್ರೊ, 1982ರ ಕಾಮಡೋರ್ 64, ಸಿಂಕ್ಲೇರ್ ಸ್ಪೆಕ್ಟ್ರಮ್: ಯಾವುದನ್ನು ಹಚ್ಚಿದರೂ ಬೇಸಿಕ್. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಕಾಲಿಟ್ಟದ್ದೂ ಈ ದಾರಿಯಿಂದಲೇ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಹಂಚಿದ್ದು ಬಿಬಿಸಿ ಮೈಕ್ರೊ; ಅದರ ಮೆಮೊರಿ 32 ಕಿಲೋಬೈಟ್. ಆಮೇಲೆ ವಿಂಡೋಸ್ ಬಂತು, ಶಾಲೆಯ ಕಂಪ್ಯೂಟರ್ ಪೀರಿಯಡ್ಡು ಪೇಂಟು ಮತ್ತು ಪವರ್‌ಪಾಯಿಂಟಿಗೆ ಇಳಿಯಿತು. ಈಗ ಮೊಬೈಲಿನಲ್ಲೂ ಪ್ರೋಗ್ರಾಂ ಕಲಿಯಬಹುದು, ಇಲ್ಲವೆನ್ನುವುದಿಲ್ಲ. ಆದರೆ ಹತ್ತು ನೋಟಿಫಿಕೇಷನ್‌ಗಳ ನಡುವೆ ಕೂತು ಕಲಿತವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಅನುಕೂಲವಿದೆ. ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ದೊಡ್ಡ ಕಂಪ್ಯೂಟರನ್ನು ಶಟ್‌ಡೌನ್ ಮಾಡದೆ ಆರಿಸಿದರೆ ಒಳಗಿನ ಕಡತಗಳು ಕೆಡುವ ಭಯ. ಈ ಯಂತ್ರಕ್ಕೆ ಶಟ್‌ಡೌನ್ ಎಂಬುದೇ ಇಲ್ಲ. ವೈರ್ ಕಿತ್ತರೆ ಆರಿತು, ಚುಚ್ಚಿದರೆ ಹತ್ತಿತು.

ಏನೇನು ಬೇಕು

ಯಂತ್ರದ ಮಿದುಳು ರಾಸ್ಪ್‌ಬೆರಿ ಪೈ ಪಿಕೊ ಎಂಬ, ಬೆರಳುದ್ದದ ಬೋರ್ಡು. 2021ರಲ್ಲಿ ಬಂದದ್ದು, ಆರ್‌ಪಿ2040 ಚಿಪ್, 264 ಕಿಲೋಬೈಟ್ ರ‍್ಯಾಮ್, 2 ಮೆಗಾಬೈಟ್ ಫ್ಲ್ಯಾಶ್. ಆನ್‌ಲೈನಿನಲ್ಲಿ ನಾನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ‘ಪಿಕೊ ಎಚ್’ ಎಂದು ಕೇಳಿ ತರಿಸಿ, ಅದಕ್ಕೆ ಪಿನ್ನುಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಹೊಸ ಪಿಕೊ 2 ಕೊಂಡರೂ ಅಡ್ಡಿಯಿಲ್ಲ, ಆದರೆ ಅದರ ಸಾಫ್ಟ್‌ವೇರ್ ಬೇರೆ. ಮುಂದೆ ಹೇಳುವುದು ಮೊದಲ ಪಿಕೊಗೆ.

ಜೊತೆಗೆ ಒಂದು ಬ್ರೆಡ್‌ಬೋರ್ಡ್, ಹಿಡಿಯಷ್ಟು ಜಂಪರ್ ವೈರ್, ಒಂದು ವಿಜಿಎ ಸಾಕೆಟ್, 5 ವೋಲ್ಟಿನಿಂದ 3.3 ವೋಲ್ಟಿಗೆ ಇಳಿಸುವ ಲೆವೆಲ್ ಶಿಫ್ಟರ್, 270 ಓಮ್‌ನ ಎರಡು ರೆಸಿಸ್ಟರ್, 390 ಮತ್ತು 820 ಓಮ್‌ನ ಒಂದೊಂದು. ರೆಸಿಸ್ಟರ್ ಟಿವಿ ರಿಪೇರಿಯವರ ಬಳಿಯೇ ಸಿಗುತ್ತದೆ. ಮಲ್ಟಿಮೀಟರನ್ನೂ ಅಲ್ಲೇ ಒಂದು ದಿನಕ್ಕೆ ಕಡ ಕೇಳಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತರಬಹುದು. ಕರೆಂಟಿಗೆ ಹಳೆಯ ಮೊಬೈಲ್ ಚಾರ್ಜರ್ ಸಾಕು, ಪವರ್ ಬ್ಯಾಂಕ್ ಆದರೂ ನಡೆಯುತ್ತದೆ.

ಬೇಸಿಕ್ ತುಂಬುವುದು

ಈ ಒಂದು ಕೆಲಸಕ್ಕೆ ಮಾತ್ರ ಇಂಟರ್ನೆಟ್ ಇರುವ ಕಂಪ್ಯೂಟರ್ ಬೇಕು. ನಾವು ಬಳಸುವ ಸಾಫ್ಟ್‌ವೇರಿನ ಹೆಸರು ಪಿಕೊಮೈಟ್ ವಿಜಿಎ. ಆಸ್ಟ್ರೇಲಿಯಾದ ಜೆಫ್ ಗ್ರಹಾಂ ಎಂಬುವರು 2011ರಲ್ಲಿ ‘ಮ್ಯಾಕ್ಸಿಮೈಟ್’ ಎಂಬ ಹವ್ಯಾಸಿ ಕಂಪ್ಯೂಟರ್ ರೂಪಿಸಿ, ಅದಕ್ಕೆ ಎಂಎಂಬೇಸಿಕ್ ಬರೆದರು. ಅದನ್ನು ಪಿಕೊಗೆ ಒಗ್ಗಿಸಿದ್ದು ಪೀಟರ್ ಮ್ಯಾಥರ್. ಉಚಿತವಾಗಿಯೇ ಸಿಗುತ್ತದೆ, ನೂರಾರು ಪುಟದ ಕೈಪಿಡಿಯೂ ಜೊತೆಗಿದೆ. ಕೈಪಿಡಿಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಈ ಲೇಖನಕ್ಕಿಂತ ಅದು ನಂಬಲರ್ಹ.

ಇಳಿಸಿದ ಜಿಪ್ ಕಡತದೊಳಗೆ ಯುಎಫ್2 ಎಂಬ ಬಾಲವಿರುವ ಹಲವು ಕಡತಗಳಿರುತ್ತವೆ. ಆರ್‌ಪಿ2040 ಚಿಪ್ಪಿನ ವಿಜಿಎ ಕಡತವನ್ನೇ ಆರಿಸಿ. ಯುಎಸ್‌ಬಿ ಕೀಬೋರ್ಡಿನವರಿಗೆ ಬೇರೆ ಕಡತವಿದೆ, ನಮಗದು ಬೇಡ. ಈಗ ಪಿಕೊ ಮೇಲಿನ ‘ಬೂಟ್‌ಸೆಲ್’ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಕೇಬಲ್ ಚುಚ್ಚಿ, ಆಮೇಲೆ ಬೆರಳು ತೆಗೆಯಿರಿ. ಪೆನ್‌ಡ್ರೈವ್ ಬಂದ ಹಾಗೆ ಆರ್‌ಪಿಐ-ಆರ್‌ಪಿ2 ಎಂಬ ಡ್ರೈವ್ ಕಾಣಿಸುತ್ತದೆ. ಕಡತವನ್ನು ಅದರೊಳಗೆ ಎಳೆದು ಹಾಕಿ. ಕಾಪಿ ಮುಗಿಯುತ್ತಿದ್ದಂತೆ ಡ್ರೈವ್ ತಾನಾಗಿ ಮಾಯವಾಗುತ್ತದೆ. ಗಾಬರಿ ಬೇಡ, ಬೇಸಿಕ್ ಒಳಗೆ ಕೂತಿದೆ. ಡ್ರೈವ್ ಕಾಣಿಸದಿದ್ದರೆ ನೂರಕ್ಕೆ ತೊಂಬತ್ತು ಸಲ ದೋಷ ಕೇಬಲ್ಲಿನದು; ಚಾರ್ಜಿಂಗಿಗಷ್ಟೇ ಆಗುವ, ಡೇಟಾ ಎಳೆಗಳಿಲ್ಲದ ಅಗ್ಗದ ಕೇಬಲ್‌ಗಳು ಎಲ್ಲ ಮನೆಯಲ್ಲೂ ಇವೆ.

ಪರದೆಯ ವೈರಿಂಗ್

ಇಲ್ಲಿ ಅವಸರ ಬೇಡ. ಪಿಕೊ ಹೊರಗೆ ಕೊಡುವುದು 3.3 ವೋಲ್ಟ್. ಮಾನಿಟರ್ ಒಂದೊಂದು ಬಣ್ಣಕ್ಕೆ ಬಯಸುವುದು ಹೆಚ್ಚೆಂದರೆ 0.7 ವೋಲ್ಟ್, ಅದರ ಒಳಗೆ ಪ್ರತಿ ಬಣ್ಣದ ತಂತಿಗೂ 75 ಓಮ್ ತಡೆ ಇರುತ್ತದೆ. ನಾವು 270 ಓಮ್ ಸೇರಿಸಿದರೆ ಒಟ್ಟು 345 ಓಮ್. ಅದರಲ್ಲಿ ಮಾನಿಟರಿನ ಪಾಲಿಗೆ ಬೀಳುವುದು ಸುಮಾರು 0.7 ವೋಲ್ಟ್. ಲೆಕ್ಕ ಸರಿಹೋಯಿತು. ಹತ್ತನೆಯ ತರಗತಿಯ ಓಮ್ ನಿಯಮ ಪರೀಕ್ಷೆಯ ಆಚೆಗೆ ಕೆಲಸಕ್ಕೆ ಬರುವುದು ಹೀಗೆ.

ಪಿಕೊದ ಜಿಪಿ21 ಕೆಂಪು, ಜಿಪಿ18 ನೀಲಿ. ಎರಡಕ್ಕೂ ಒಂದೊಂದು 270 ಓಮ್ ರೆಸಿಸ್ಟರ್ ಹಾಕಿ, ಕೆಂಪನ್ನು ವಿಜಿಎಯ 1ನೇ ಪಿನ್ನಿಗೆ, ನೀಲಿಯನ್ನು 3ನೇ ಪಿನ್ನಿಗೆ ಕೊಡಿ. ಹಸಿರಿಗೆ ಎರಡು ಪಿನ್ನುಗಳಿವೆ. ಜಿಪಿ20ರಿಂದ 390 ಓಮ್, ಜಿಪಿ19ರಿಂದ 820 ಓಮ್. ಎರಡರ ತುದಿಯನ್ನೂ ಕೂಡಿಸಿ ವಿಜಿಎಯ 2ನೇ ಪಿನ್ನಿಗೆ. ಹಸಿರಿಗೆ ಹೀಗೆ ನಾಲ್ಕು ಹಂತ ಸಿಗುವುದರಿಂದ ಒಟ್ಟು 16 ಬಣ್ಣ. ಜಿಪಿ16 ಅಡ್ಡ ಸಿಂಕ್, ಅದು ನೇರ 13ನೇ ಪಿನ್ನಿಗೆ. ಜಿಪಿ17 ಉದ್ದ ಸಿಂಕ್, 14ನೇ ಪಿನ್ನಿಗೆ. ವಿಜಿಎಯ 5, 6, 7, 8, 10ನೇ ಪಿನ್ನುಗಳೆಲ್ಲ ಗ್ರೌಂಡ್. ಎಲ್ಲವನ್ನೂ ಕೂಡಿಸಿ ಪಿಕೊದ ಗ್ರೌಂಡಿಗೆ. ಬೋರ್ಡಿನ ಪಿನ್ ಕ್ರಮಾಂಕ ಬೇರೆ, ಜಿಪಿ ಕ್ರಮಾಂಕ ಬೇರೆ ಎಂಬುದು ನೆನಪಿರಲಿ. ಜಿಪಿ16 ಇರುವುದು ಬೋರ್ಡಿನ 21ನೇ ಪಿನ್ನಿನಲ್ಲಿ. ಅಲ್ಲಿಂದ 27ನೇ ಪಿನ್ನಿನವರೆಗೆ ನಮ್ಮ ಆರೂ ತಂತಿಗಳು ಸಾಲಾಗಿ ಬರುತ್ತವೆ, ನಡುವೆ 23ನೆಯದು ಗ್ರೌಂಡ್.

ಈಗ ಚಾರ್ಜರ್ ಹಾಕಿ. ಪರದೆಯ ಮೇಲೆ ಪಿಕೊಮೈಟ್‌ನ ಹೆಸರು, ಆವೃತ್ತಿ, ಕೆಳಗೆ ಬಾಣದ ಗುರುತು ಬರಬೇಕು. ಬರಲಿಲ್ಲವೆಂದರೆ 13, 14ನೇ ಪಿನ್ ಅದಲುಬದಲಾಗಿದೆಯೇ ನೋಡಿ. ಚಿತ್ರ ಬಂದು ಬಣ್ಣ ಮಾತ್ರ ಕೆಟ್ಟಿದ್ದರೆ ಸಿಂಕ್ ಸರಿಯಿದೆ, ಬಣ್ಣದ ತಂತಿಯೊಂದು ಸಡಿಲವಾಗಿದೆ.

ಕೀಬೋರ್ಡ್

ಪಿಎಸ್-2 ಕೀಬೋರ್ಡ್ 5 ವೋಲ್ಟಿನದು, ಪಿಕೊದ ಪಿನ್ನುಗಳು 3.3ಕ್ಕಿಂತ ಹೆಚ್ಚು ತಡೆಯುವುದಿಲ್ಲ. ನೇರ ಜೋಡಿಸಿದರೂ ಕೆಲ ದಿನ ನಡೆಯುತ್ತದೆ ಎನ್ನುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಲೆವೆಲ್ ಶಿಫ್ಟರಿನ 5 ವೋಲ್ಟ್ ಬದಿಗೆ ಪಿಕೊದ 40ನೇ ಪಿನ್ನಿನಿಂದ, 3.3 ಬದಿಗೆ 36ನೇ ಪಿನ್ನಿನಿಂದ ಕರೆಂಟ್ ಕೊಡಿ. ಗ್ರೌಂಡ್ ಎರಡೂ ಬದಿಗೆ. ಕೀಬೋರ್ಡಿನ ಕ್ಲಾಕ್ ತಂತಿ ಶಿಫ್ಟರ್ ದಾಟಿ ಜಿಪಿ8ಕ್ಕೆ, ಡೇಟಾ ತಂತಿ ಜಿಪಿ9ಕ್ಕೆ.

ಸಾಕೆಟ್ ಸಿಗದಿದ್ದರೆ ಕೀಬೋರ್ಡಿನ ಪ್ಲಗ್ ಕತ್ತರಿಸಬಹುದು. ಒಳಗಿನ ನಾಲ್ಕು ತಂತಿಗಳ ಬಣ್ಣ ಕಂಪನಿಗೊಂದು ಬಗೆ. ಹಾಗಾಗಿ ಕತ್ತರಿಸಿದ ಪ್ಲಗ್ ಬಿಸಾಡದೆ, ಮಲ್ಟಿಮೀಟರಿನ ಬೀಪ್ ಹಿಡಿದು ಯಾವ ಬಣ್ಣ ಯಾವ ಪಿನ್ನಿನದು ಎಂದು ಬರೆದಿಡಿ. 1 ಡೇಟಾ, 3 ಗ್ರೌಂಡ್, 4 ಐದು ವೋಲ್ಟ್, 5 ಕ್ಲಾಕ್. ಡೇಟಾ, ಕ್ಲಾಕ್ ಅದಲುಬದಲಾದರೆ ಏನೂ ಸುಡುವುದಿಲ್ಲ, ಕೀಲಿ ಒತ್ತಿದರೆ ಅಕ್ಷರ ಮೂಡುವುದಿಲ್ಲ ಅಷ್ಟೆ. 5 ವೋಲ್ಟ್ ಮತ್ತು ಗ್ರೌಂಡ್ ತಪ್ಪಿದರೆ ಕೀಬೋರ್ಡ್ ಕೈಬಿಟ್ಟಂತೆ. ಇನ್ನೊಂದು: ಯಂತ್ರ ಚಾಲೂ ಇರುವಾಗ ಪಿಎಸ್-2 ಕೀಬೋರ್ಡನ್ನು ಕಿತ್ತು ಚುಚ್ಚಬಾರದು.

ಬಣ್ಣದ ಪರೀಕ್ಷೆ ಈಗ ಮಾಡಿ. ಆಜ್ಞೆಗಳನ್ನು ಟೈಪಿಸುವುದು ಇಂಗ್ಲಿಷ್ ಅಕ್ಷರದಲ್ಲಿ. ‘ಮೋಡ್ 2’ ಒತ್ತಿ ಎಂಟರ್, ಆಮೇಲೆ ‘ಸಿಎಲ್‌ಎಸ್ ಆರ್‌ಜಿಬಿ(ರೆಡ್)’ ಎಂಟರ್. ಪರದೆ ಪೂರ್ತಿ ಕೆಂಪಾಗಬೇಕು. ನೀಲಿಯಾದರೆ ಜಿಪಿ18, ಜಿಪಿ21 ಅದಲುಬದಲಾಗಿವೆ.

ಮೊದಲ ಪ್ರೋಗ್ರಾಂ: ಸೆರಗಿನ ಗೋಪುರ

ಪುಸ್ತಕಗಳಲ್ಲಿ ಮೊದಲ ಪಾಠಕ್ಕೆ ಮಗ್ಗಿ ಬರೆಸುತ್ತಾರೆ. ನಮ್ಮ ಸೀಮೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ಸೀರೆ. ನೇಕಾರರ ಮನೆಯ ಮಕ್ಕಳು ಜಕಾರ್ಡಿನ ತೂತು ಹೊಡೆದ ರಟ್ಟುಗಳನ್ನು ನೋಡಿಯೇ ಬೆಳೆದಿರುತ್ತಾರೆ: ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಮಾಡಿದ ಆ ಏರ್ಪಾಡನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ತಂದ. ಗ್ರಾಫ್ ಹಾಳೆಯ ಚೌಕ ತುಂಬಿ ಅಂಚಿನ ವಿನ್ಯಾಸ ಬರೆಯುವವರಿಗೆ ಕಂಪ್ಯೂಟರ್ ಪರದೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೋಡ್ 2ರಲ್ಲಿ ಅಡ್ಡ 320 ಚೌಕ, ಉದ್ದ 240, ಅಷ್ಟೇ.

ಇಳಕಲ್ಲ ಸೀರೆಯ ತೋಪ್‌ತೆನಿ ಸೆರಗಿನಲ್ಲಿ ಗೋಪುರಗಳು ಸಾಲಾಗಿ ನಿಂತಿರುತ್ತವಲ್ಲ, ಅದನ್ನು ಬರೆಯೋಣ. ‘ಎಡಿಟ್’ ಎಂದು ಕೊಟ್ಟರೆ ಬರೆಯುವ ಹಾಳೆ ತೆರೆಯುತ್ತದೆ. ಅದರಲ್ಲಿ:

ಮೋಡ್ 2
ಸಿಎಲ್‌ಎಸ್
ಫಾರ್ ಎಕ್ಸ್ = 20 ಟು 300 ಸ್ಟೆಪ್ 40
ಫಾರ್ ಆರ್ = 0 ಟು 19
ಲೈನ್ ಎಕ್ಸ್-ಆರ್, 100+ಆರ್, ಎಕ್ಸ್+ಆರ್, 100+ಆರ್, 1, ಆರ್‌ಜಿಬಿ(ರೆಡ್)
ನೆಕ್ಸ್ಟ್ ಆರ್
ನೆಕ್ಸ್ಟ್ ಎಕ್ಸ್
ಡೂ : ಲೂಪ್

ಎಫ್2 ಒತ್ತಿದರೆ ಉಳಿಸಿಕೊಂಡು ಓಡುತ್ತದೆ. ಒಳಗಿನ ಸುತ್ತು ಒಂದು ಗೋಪುರದ 20 ಸಾಲುಗಳನ್ನು ತುದಿಯಿಂದ ಬುಡಕ್ಕೆ ಅಗಲಿಸುತ್ತ ಹೋಗುತ್ತದೆ. ಬುಡದ ಅಗಲ 39 ಚೌಕ. ಹೊರಗಿನ ಸುತ್ತು 40 ಚೌಕಕ್ಕೊಂದರಂತೆ 8 ಗೋಪುರ ನಿಲ್ಲಿಸುತ್ತದೆ. ಕೊನೆಯ ಸಾಲು ಚಿತ್ರವನ್ನು ಹಾಗೇ ಹಿಡಿದಿಡಲು. ಸಾಕಾದಾಗ ಕಂಟ್ರೋಲ್ ಮತ್ತು ಸಿ ಒತ್ತಿ ಹೊರಬನ್ನಿ. ಈಗ ಮಕ್ಕಳಿಗೆ ಬಿಟ್ಟುಬಿಡಿ: ಎರಡನೆಯ ಸಾಲಿನಲ್ಲಿ ತಲೆಕೆಳಗಾದ ಬಿಳಿ ಗೋಪುರ ಬರಲಿ, ನಡುವೆ ಚಿಕ್ಕಿ ಬರಲಿ. ಅಮ್ಮ ಬಂದು ‘ಅಂಚು ದೊಡ್ಡದಾತು’ ಎಂದರೆ ಯಾವ ಅಂಕಿ ತಿದ್ದಬೇಕೆಂದು ಮಕ್ಕಳೇ ಹುಡುಕಲಿ.

ಎಡಿಟರ್‌ನಿಂದ ಎಫ್1 ಅಥವಾ ಎಫ್2 ಒತ್ತಿ ಹೊರಬಂದ ಕೂಡಲೇ ಪ್ರೋಗ್ರಾಂ ಫ್ಲ್ಯಾಶ್‌ಗೆ ಇಳಿಯುತ್ತದೆ, ಕರೆಂಟ್ ಹೋದರೂ ಉಳಿಯುತ್ತದೆ. ಬರೆಯುತ್ತಿರುವಾಗಲೇ ಹೋದರೆ ಮಾತ್ರ ಹೋದದ್ದು ಹೋಯಿತು. ಆಗಾಗ ಎಫ್1 ಒತ್ತುವ ರೂಢಿ ಮಾಡಿಸಿ. ಬೇರೆ ಬೇರೆ ಹೆಸರಿನಲ್ಲಿ ಇಡಲು ‘ಸೇವ್’, ಇಟ್ಟದ್ದನ್ನು ನೋಡಲು ‘ಫೈಲ್ಸ್’. ‘ಆಪ್ಷನ್ ಆಟೋರನ್ ಆನ್’ ಎಂಬ ಆಜ್ಞೆಯೂ ಇದೆ, ಕೊಟ್ಟರೆ ಯಂತ್ರ ಹತ್ತಿದ ಕೂಡಲೇ ನಿಮ್ಮ ಪ್ರೋಗ್ರಾಂ ಓಡುತ್ತದೆ. ಮಕ್ಕಳ ಯಂತ್ರಕ್ಕೆ ಇದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಖಾಲಿ ಬಾಣದ ಮುಂದೆ ಕೂತಾಗಲೇ ಏನಾದರೂ ಬರೆಯಬೇಕೆನಿಸುವುದು.

ಡಬ್ಬಿ

ಬೋರ್ಡನ್ನು ಬಯಲಿಗೆ ಬಿಡಬೇಡಿ. ಮಗ್ಗದ ಮನೆಗಳಲ್ಲಿ ಹತ್ತಿಯ ನವಿರು ಎಲ್ಲೆಂದರಲ್ಲಿ ಕೂರುತ್ತದೆ. ಪಿಕೊ ಬಿಸಿಯಾಗುವುದಿಲ್ಲ, ಫ್ಯಾನ್ ಬೇಕಿಲ್ಲ; ಮುಚ್ಚಳವಿರುವ ಪ್ಲಾಸ್ಟಿಕ್ ಟಿಫಿನ್ ಡಬ್ಬಿಗೆ ಮೂರು ತೂತು ಕೊರೆದರೆ ಮುಗಿಯಿತು. ತಗಡಿನ ಡಬ್ಬಿ ಬೇಡ, ಪಿನ್ನು ತಗುಲಿ ಶಾರ್ಟ್ ಆಗುತ್ತದೆ.

ಮಗ್ಗಕ್ಕೆ ಜೋಡಿಸುವುದಾದರೆ

ಜಿಪಿ0ಯಿಂದ ಜಿಪಿ7ರವರೆಗಿನ ಪಿನ್ನುಗಳು ಇನ್ನೂ ಖಾಲಿ. ದೊಡ್ಡ ಮಕ್ಕಳು ಅದರಲ್ಲಿ ಹೊಕ್ಕು ಎಣಿಸುವ ಮೀಟರ್ ಮಾಡಬಹುದು. ಪಾವರ್‌ಲೂಮಿನ ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತು ತಿರುಗಿದರೆ ಲಾಳಿ ಒಮ್ಮೆ ದಾಟುತ್ತದೆ, ಅಂದರೆ ಒಂದು ಹೊಕ್ಕು. ಮಗ್ಗ ನಿಲ್ಲಿಸಿ, ಮೇನ್ ಸ್ವಿಚ್ ಆರಿಸಿ, ಹಿರಿಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಶಾಫ್ಟಿಗೆ ಸಣ್ಣ ಅಯಸ್ಕಾಂತ ಬಿಗಿಯಾಗಿ ಕೂರಿಸಿ. ಅದರ ಎದುರು ಚೌಕಟ್ಟಿಗೆ ಬಾಗಿಲ ಅಲಾರಂಗೆ ಬಳಸುವ ರೀಡ್ ಸ್ವಿಚ್. ಸ್ವಿಚ್ಚಿನ ಒಂದು ತಂತಿ ಗ್ರೌಂಡಿಗೆ, ಇನ್ನೊಂದು ಜಿಪಿ0ಗೆ. ಮೋಟಾರಿನ ವೈರಿಂಗ್ ಮುಟ್ಟುವ ಪ್ರಶ್ನೆಯೇ ಇಲ್ಲ.

ಪ್ರೋಗ್ರಾಮಿನಲ್ಲಿ ‘ಸೆಟ್‌ಪಿನ್ ಜಿಪಿ0, ಡಿಐಎನ್, ಪುಲ್‌ಅಪ್’ ಎಂದು ಆರಂಭಿಸಿ. ಪಿನ್ನಿನ ಬೆಲೆ 0 ಆಗುವವರೆಗೆ ಕಾಯುವುದು, ಎಣಿಕೆಗೆ 1 ಕೂಡಿಸಿ ತೋರಿಸುವುದು, ‘ಪಾಜ್ 20’, ಮತ್ತೆ ಬೆಲೆ 1 ಆಗುವವರೆಗೆ ಕಾಯುವುದು. ಇಷ್ಟನ್ನು ಡೂ-ಲೂಪ್ ಒಳಗೆ ಸುತ್ತಿಸಿದರೆ ಮೀಟರ್ ಆಯಿತು. ಪಾಜ್ ಹಾಕುವುದು, ಸ್ವಿಚ್ಚಿನ ಎಲೆಗಳು ಕೂಡುವಾಗ ಮಿಡಿದು ಒಂದನ್ನು ನಾಲ್ಕಾಗಿ ಎಣಿಸದಿರಲೆಂದು. ತಂತಿ ಉದ್ದವಿದ್ದು ಮೋಟಾರ್ ಹತ್ತಿದಾಗ ಎಣಿಕೆ ತಾನಾಗಿ ಜಿಗಿದರೆ, ಎರಡೂ ತಂತಿಗಳನ್ನು ಹುರಿ ಹೊಸೆದು, ಜಿಪಿ0ಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಸೇರಿಸಿ. ಇಷ್ಟಾದರೂ ಸುತ್ತಿಗೆ ಎರಡೆರಡು ಏರುತ್ತಿದ್ದರೆ ದೋಷ ಪ್ರೋಗ್ರಾಮಿನದಲ್ಲ: ಅಯಸ್ಕಾಂತ ದಾಟುವಾಗ ಅದರ ಎರಡು ತುದಿಗಳೂ ಸ್ವಿಚ್ಚನ್ನು ಬೇರೆ ಬೇರೆಯಾಗಿ ಎಳೆಯುತ್ತಿವೆ. ಅಯಸ್ಕಾಂತವನ್ನು ಕಾಲು ಸುತ್ತು ತಿರುಗಿಸಿ ಕೂರಿಸಿ ನೋಡಿ.