ಗೊಣ್ಣೆ ಹುಳ ಬೇರೆ, ತಿಪ್ಪೆಯ ಹುಳ ಬೇರೆ

ತಿಪ್ಪೆ ಕೆದರುವಾಗ ಹೆಬ್ಬೆರಳು ದಪ್ಪದ ಬಿಳಿ ಹುಳ ಉರುಳಿ ಬಿತ್ತೆಂದರೆ ಸಾಕು, ನಮ್ಮ ರೈತರು ಔಷಧ ಅಂಗಡಿಯ ದಾರಿ ಹಿಡಿಯುತ್ತಾರೆ. 'ಗೊಣ್ಣೆ ಹುಳ ಬಿದ್ದಾವ್ರೀ' ಅಂದರೆ ಅಂಗಡಿಯವರು ಹರಳಿನ ಚೀಲ ಕೊಡುತ್ತಾರೆ. ಆ ಹುಳ ಬೇರು ಕಡಿಯುವುದೋ, ಬರೀ ಕೊಳೆತ ಕಸ ತಿನ್ನುವುದೋ ಎಂದು ಕೊಟ್ಟವರೂ ನೋಡಿರುವುದಿಲ್ಲ, ಕೊಂಡವರೂ ನೋಡಿರುವುದಿಲ್ಲ. ಮೋರಟಗಿ, ಸಿಂದಗಿ, ಇಂಡಿ ಭಾಗದಲ್ಲಿ ಕಾಲುವೆ ನೀರು ಬಂದ ಮೇಲೆ ಕಬ್ಬು ಹೆಚ್ಚಿದೆ. ಹಾಗಾಗಿ ಈ ಹುಳಗಳ ಗುರುತು ಹಿಡಿಯುವುದನ್ನು ಕಲಿತುಕೊಂಡರೆ ಖರ್ಚೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.

ಇವೆಲ್ಲ ಒಂದೇ ಮನೆತನದ ದುಂಬಿಗಳು. ಜಗತ್ತಿನಲ್ಲಿ ಇವುಗಳ 30 ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಮನೆತನದ ಗುರುತು ಮೀಸೆಯಲ್ಲಿದೆ. ಮೀಸೆಯ ತುದಿಗೆ ಪುಸ್ತಕದ ಹಾಳೆಯಂತೆ ಬಿಚ್ಚಿ ಮುಚ್ಚುವ ಎಲೆಗಳಿರುತ್ತವೆ. ತೊಗರಿ ಹೂವಿಗೆ ಬರುವ, ಕಪ್ಪು-ಕಿತ್ತಳೆ ಪಟ್ಟೆಯ, ಮೈಗೆ ಸೋಕಿದರೆ ಬೊಕ್ಕೆ ಏಳಿಸುವ ದುಂಬಿಯ ಮೀಸೆಯಲ್ಲಿ ಈ ಎಲೆಗಳಿಲ್ಲ. ಅದು ಬೇರೆಯದೇ ಕುಲ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ರೈತರಿಗೆ ಹೆಚ್ಚು ಸಿಗುವುದು ದುಂಬಿಯಲ್ಲ, ಅದರ ಮರಿ. ಇಂಗ್ಲಿಷಿನ 'ಸಿ' ಅಕ್ಷರದಂತೆ ಬಾಗಿದ ಬಿಳಿ ಮೈ, ಕಂದು ತಲೆ, ಎದೆಯ ಬಳಿ ಮೂರು ಜೊತೆ ಕಾಲು. ಎಲ್ಲ ಮರಿಗಳೂ ಮೇಲ್ನೋಟಕ್ಕೆ ಒಂದೇ ತೆರ. ಬೇರ್ಪಡಿಸಲು ಎರಡು ಪರೀಕ್ಷೆಗಳಿವೆ, ಎರಡಕ್ಕೂ ಕಾಸು ಬೇಡ.

ಹುಳವನ್ನು ಗಟ್ಟಿ ನೆಲದ ಮೇಲೆ ಬಿಟ್ಟು ನೋಡಿ. ಬೆನ್ನ ಮೇಲೆ ಮಲಗಿ, ಕಾಲು ಮೇಲೆ ಮಾಡಿಕೊಂಡು ತೆವಳತೊಡಗಿದರೆ ಅದು ಹೂವಿನ ದುಂಬಿಯ ಮರಿ. ನೋಡಿದರೆ ನಗು ಬರುತ್ತದೆ, ಆದರೆ ಇದಕ್ಕಿಂತ ಖಾತ್ರಿಯ ಗುರುತು ಇನ್ನೊಂದಿಲ್ಲ. ಅದು ಕೊಳೆತ ಗೊಬ್ಬರ, ಕಟ್ಟಿಗೆಪುಡಿ ತಿಂದು ಬೆಳೆಯುತ್ತದೆ, ಔಷಧ ಬೇಡ. ಪಕ್ಕಕ್ಕೆ ಮಲಗಿ ಮೈ ಮುದುಡಿಕೊಂಡರೆ ಎರಡನೇ ಪರೀಕ್ಷೆ. ಹುಳದ ಹಿಂತುದಿ ತಿರುಗಿಸಿ ಮಲದ್ವಾರದ ಸೀಳು ನೋಡಿ. ಮಸೂರ ಇದ್ದರೆ ಒಳ್ಳೆಯದು, ಈಗಿನ ಮೊಬೈಲ್ ಕ್ಯಾಮೆರಾವೂ ಸಾಕು. ಸೀಳು ಮೂರು ಕವಲಾಗಿ ಒಡೆದಿದ್ದರೆ ಬೇರು ತಿನ್ನುವ ಗೊಣ್ಣೆ ಹುಳ. ಅಡ್ಡಕ್ಕೆ ಬಾಗಿದ ಒಂದೇ ಗೆರೆ ಇದ್ದು, ಹುಳ ಬಹಳ ದಪ್ಪವಿದ್ದು, ತಿಪ್ಪೆಯಲ್ಲಿ ಸಿಕ್ಕಿದ್ದರೆ ಹೆಚ್ಚಾಗಿ ಅದು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ತೆಂಗು ಇದ್ದವರು ಅದನ್ನು ಆರಿಸಿ ಕೊಲ್ಲಲಿ. ಕಬ್ಬಿಗೆ ಅದರ ಭಯವಿಲ್ಲ.

ಗೊಣ್ಣೆ ಹುಳದಲ್ಲೂ ಜಾತಿಗಳಿವೆ. ಉತ್ತರ ಕರ್ನಾಟಕದ ಕಬ್ಬು, ಶೇಂಗಾ ಹೊಲಗಳಲ್ಲಿ ಮುಖ್ಯವಾದುದು ಹೊಲೊಟ್ರೈಕಿಯಾ ಸೆರ್ರೇಟಾ. ಮುಂಗಾರಿನ ಮೊದಲ ಹದಮಳೆ ಬಿದ್ದ ಸಂಜೆ, ಕತ್ತಲಾಗುತ್ತಿದ್ದಂತೆ ಇದರ ಕಂದು ದುಂಬಿಗಳು ನೆಲದಿಂದ ಎದ್ದು ಬೇವು, ಬಾರಿ, ಜಾಲಿ ಮರಗಳಿಗೆ ಮುತ್ತುತ್ತವೆ. ಅಲ್ಲಿ ಎಲೆ ತಿಂದು, ಜೊತೆಗೂಡಿ, ಬೆಳಕು ಹರಿಯುವ ಮೊದಲೇ ಮಣ್ಣಿಗೆ ಮರಳುತ್ತವೆ. ವರ್ಷಕ್ಕೆ ಒಂದೇ ಸಂತತಿ. ಬೆಳಗಾವಿ, ಕೊಲ್ಹಾಪುರದ ಕಡೆ ನದಿದಂಡೆಯ ಹೊಲಗಳಲ್ಲಿ ಇನ್ನೊಂದು ಜಾತಿ ಇದೆ, ಲ್ಯೂಕೊಫೋಲಿಸ್ ಲೆಪಿಡೊಫೋರಾ. ಅದರ ದುಂಬಿ ಇನ್ನೂ ದೊಡ್ಡದು, ಆದರೆ ಮರದ ಎಲೆ ತಿನ್ನುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದನ್ನು ಬೇವಿನ ಮರದಲ್ಲೇ ಹಿಡಿಯಬಹುದು, ಎರಡನೆಯದಕ್ಕೆ ಮರದ ಕೆಳಗೆ ರಾತ್ರಿಯೆಲ್ಲ ನಿಂತರೂ ಪ್ರಯೋಜನವಿಲ್ಲ.

ನಿಮ್ಮ ಊರಿನದು ಮೊದಲ ಜಾತಿಯಾದರೆ ರೋಹಿಣಿ, ಮಿರಗಿನ ಮಳೆ ಬಿದ್ದ ಮೂರ್ನಾಲ್ಕು ರಾತ್ರಿ ಊರವರು ಕೂಡಿ ಕೆಲಸ ಮಾಡಬೇಕು. ಮರದ ಕೆಳಗೆ ತಾಡಪತ್ರಿ ಹಾಸಿ, ಕೊಂಬೆ ಅಲುಗಾಡಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಒಬ್ಬರೇ ಮಾಡಿದರೆ ಪಕ್ಕದ ಹೊಲದ ದುಂಬಿ ಹಾರಿ ಬರುತ್ತದೆ. ತಪ್ಪಿಸಿಕೊಂಡವು ಇಟ್ಟ ಮೊಟ್ಟೆಯೊಡೆದು ಬಂದ ಮರಿಗಳು ಎಳೆಯವಾಗಿರುವಾಗಲೇ, ಮಣ್ಣು ಹಸಿ ಇರುವಾಗ, ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಕೊಡಿ. ರೋಗ ತಗುಲಿದ ಹುಳ ಸತ್ತು, ಮೈಮೇಲೆ ಹಸಿರು ಪುಡಿ ಕಟ್ಟುತ್ತದೆ. ಬಲಿತ ಹುಳದ ಹಾವಳಿ ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ. ಆಗ ಕಬ್ಬು ಹಳದಿಯಾಗಿ ಒಣಗುತ್ತದೆ, ಎಳೆದರೆ ಸುಲಭವಾಗಿ ಕಿತ್ತು ಬರುತ್ತದೆ. ಆ ಹಂತದಲ್ಲಿ ಯಾವ ಔಷಧಕ್ಕೂ ಪೂರ್ತಿ ಫಲ ಸಿಗುವುದಿಲ್ಲ. ಬೆಳೆ ತೆಗೆದ ಮೇಲೆ ಆಳವಾಗಿ ನೇಗಿಲು ಹೊಡೆಯಿರಿ. ಹಿಂದೆ ಬರುವ ಬೆಳ್ಳಕ್ಕಿ, ಕಾಗೆಗಳು ಕೂಲಿ ಕೇಳುವುದಿಲ್ಲ. ಇನ್ನೊಂದು ಮಾತು: ಹಿಂದೆಲ್ಲ ಸಾಲಿಗೆ ಸುರಿಯುತ್ತಿದ್ದ ಫೋರೇಟ್ ಹರಳಿಗೆ 2020ರ ಡಿಸೆಂಬರ್ 31ರಿಂದ ದೇಶದಾದ್ಯಂತ ನಿಷೇಧವಿದೆ. ಹಳೆಯ ಚೀಲ ಮೂಲೆಯಲ್ಲಿದ್ದರೂ ಮುಟ್ಟಬೇಡಿ.

ಈ ಮನೆತನದಲ್ಲಿ ರೈತನ ನಿಜವಾದ ಮಿತ್ರ ಹೆಂಡಿ ಹುಳ. ಹಿಂಗಾಲಿನಿಂದ ಸಗಣಿಯ ಉಂಡೆ ಉರುಳಿಸಿಕೊಂಡು ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಉರುಳಿಸದೆ, ಹೆಂಡಿಯ ಕೆಳಗೇ ಸುರಂಗ ತೋಡುವ ಜಾತಿಗಳೂ ಇವೆ. ಅವುಗಳಲ್ಲಿ ಕೆಲವು ಜಾತಿಯ ಗಂಡಿಗೆ ಕೊಂಬಿರುತ್ತದೆ, ಕೊಂಬು ನೋಡಿ ತೆಂಗಿನ ದುಂಬಿ ಎಂದು ಹೊಸಕಬೇಡಿ. ಇವು ಸಗಣಿಯನ್ನು ಬೇರಿನ ಮಟ್ಟಕ್ಕೆ ಇಳಿಸುತ್ತವೆ, ಮಣ್ಣು ಸಡಿಲ ಮಾಡುತ್ತವೆ, ನೊಣಗಳ ಸಂತೆ ತಗ್ಗಿಸುತ್ತವೆ. ಆಸ್ಟ್ರೇಲಿಯಾದ ದನಗಳ ಸಗಣಿ ಕರಗಿಸಲು ಅಲ್ಲಿನ ಹುಳಗಳಿಂದ ಆಗಲಿಲ್ಲ. 1960ರ ದಶಕದ ಕೊನೆಯಿಂದ ಆಫ್ರಿಕಾ, ಯುರೋಪಿನ ಹೆಂಡಿ ಹುಳಗಳನ್ನು ಹಣ ಕೊಟ್ಟು ತರಿಸಿ ಬಿಟ್ಟರು. ನಮಗೆ ಅವು ಪುಕ್ಕಟೆ ಸಿಕ್ಕಿವೆ. ದನಗಳಿಗೆ ಐವರ್ಮೆಕ್ಟಿನ್ ಹಾಕಿಸಿದ ದಿನಗಳಲ್ಲಿ ಅದರ ಅಂಶ ಸಗಣಿಗೆ ಬಂದು ಈ ಹುಳದ ಮರಿಗಳನ್ನು ಕೊಲ್ಲುತ್ತದೆ. ಆದ್ದರಿಂದ ಪಶುವೈದ್ಯರು ಹೇಳದೆ ಅದನ್ನು ಬಳಸಬೇಡಿ.

ಸಜ್ಜೆ, ಜೋಳದ ತೆನೆಯ ಮೇಲೆ ಹಗಲಲ್ಲಿ ಕಾಣುವ ಹೊಳೆಯುವ ಹಸಿರು ದುಂಬಿ ಹೂವಿನ ದುಂಬಿಯೇ. ಅದು ಹೂವಿನ ಹುಡಿ ತಿನ್ನುತ್ತದೆ, ಬೆಳಿಗ್ಗೆ ಕೈಯಿಂದ ಹಿಡಿದು ತೆಗೆದರೆ ಸಾಕು.

ಇಷ್ಟಾದರೂ ಅನುಮಾನ ಉಳಿದರೆ ಒಣಗಿದ ಗಿಡದ ಬುಡದಲ್ಲಿ ಒಂದು ಅಡಿ ಆಳ ಅಗೆದು ಐದಾರು ಹುಳ ತೆಗೆಯಿರಿ. ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜೀವಂತವಾಗಿಯೇ ಒಯ್ಯಿರಿ. ಡಬ್ಬಿಗೆ ಅದೇ ಹೊಲದ ಹಸಿ ಮಣ್ಣು ತುಂಬಿ, ಒಂದೊಂದು ಹುಳವನ್ನು ಬೇರೆ ಬೇರೆ ಇಡಿ. ಒಟ್ಟಿಗೆ ಹಾಕಿದರೆ ಒಂದನ್ನೊಂದು ಕಚ್ಚಿಕೊಂಡು ಸಾಯುತ್ತವೆ, ಸತ್ತು ಕಪ್ಪಾದ ಹುಳದಲ್ಲಿ ಸೀಳಿನ ಗುರುತು ಸಿಗುವುದಿಲ್ಲ.