ಕಳೆಗೆ ಕಣಿಕೆ ರಸ ಹೊಡೆಯಿರಿ, ಉಪ್ಪು ಬೇಡ

ಸಾವಯವಕ್ಕೆ ಹೊರಳಿದ ಬೈಲಹೊಂಗಲ, ಕಿತ್ತೂರು ಭಾಗದ ರೈತರಿಗೆ ಸೋಯಾಬೀನ್ ಬಿತ್ತಿದ ಮೊದಲ ತಿಂಗಳೇ ಕಷ್ಟದ್ದು. ಮಳೆ ಹಿಡಿದರೆ ಎಡೆ ಹೊಡೆಯಲಾಗದು, ಕಸ ತೆಗೆಯಲು ಆಳು ಸಿಗದು. ಆಗ ಗೋಮೂತ್ರಕ್ಕೆ ಉಪ್ಪು ಕಲಸಿ ‘ಸಾವಯವ ಕಳೆನಾಶಕ’ ಎಂದು ಸಿಂಪಡಿಸುವವರು ಹೆಚ್ಚುತ್ತಿದ್ದಾರೆ. ದಯವಿಟ್ಟು ಅದನ್ನು ನಿಲ್ಲಿಸಿ. ಬಣವೆಯಲ್ಲಿರುವ ಜೋಳದ ಕಣಿಕೆಯ ರಸವೇ ಕಳೆ ತಗ್ಗಿಸಲು ನೆರವಾಗುತ್ತದೆ.

ಜೋಳದ ದಂಟಿನಲ್ಲಿರುವ ಫಿನಾಲಿಕ್ ಆಮ್ಲಗಳು ನೀರಿಗಿಳಿದು ಎಳೆಯ ಕಳೆಯ ಬೆಳವಣಿಗೆ ತಡೆಯುತ್ತವೆ. ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದವರು ಗೋಧಿಯಲ್ಲಿ ಈ ರಸ ಬಳಸಿ ಕಳೆಯನ್ನು ಮೂರನೇ ಒಂದು ಪಾಲಿನಿಂದ ಹತ್ತಿರಹತ್ತಿರ ಅರ್ಧದವರೆಗೆ ತಗ್ಗಿಸಿದ್ದಾರೆ. ಅಂದರೆ ಉಳಿದ ಕಳೆಗೆ ಎಡೆಕುಂಟೆ ಬೇಕೇ ಬೇಕು.

ಮೊದಲ ಸಲ ಹತ್ತು ಗುಂಟೆಗಷ್ಟೇ ಮಾಡಿ. ದನ ತಿನ್ನದೆ ಬಿಟ್ಟ ಬಲಿತ ದಂಟು ಎರಡೂವರೆ ಕಿಲೋ ಸಾಕು. ಒಳ್ಳೆಯ ಮೇವು ಹಾಳು ಮಾಡಬೇಡಿ. ಬೆರಳಗಲ ಕತ್ತರಿಸಿ 25 ಲೀಟರ್ ನೀರಿನಲ್ಲಿ 24 ಗಂಟೆ ನೆನೆಸಿ. ಬಟ್ಟೆಯಲ್ಲಿ ಎರಡು ಸಲ ಸೋಸಿ, ಸಣ್ಣ ಉರಿಯಲ್ಲಿ ಒಂದೂಕಾಲು ಲೀಟರಿಗೆ ಇಳಿಸಿ. ಆರಿದ ಮೇಲೆ 16 ಲೀಟರಿನ ಎರಡು ಪಂಪಿಗೆ ಸಮನಾಗಿ ಹಾಕಿ ನೀರು ತುಂಬಿ. ಬಿತ್ತಿದ 15–20ನೇ ದಿನ, ಕಳೆ ಎರಡು-ಮೂರು ಎಲೆಯಲ್ಲಿದ್ದಾಗ, ಮಳೆಯಿಲ್ಲದ ಸಂಜೆ ಸಾಲುಗಳ ನಡುವೆ ಸಿಂಪಡಿಸಿ. ಇನ್ನೊಂದು ಸಲ 35–40ನೇ ದಿನಕ್ಕೆ. ಬೆಳೆದು ನಿಂತ ಕಳೆಗೆ, ಜೇಕು-ಕರಿಕೆಯ ಗಡ್ಡೆ-ಬೇರಿಗೆ ಇದು ನಾಟುವುದಿಲ್ಲ.

ಇನ್ನು ಉಪ್ಪಿನ ಮಾತು. ಉಪ್ಪು ಹೊಡೆದ ಮರುದಿನ ಎಲೆ ಸುಟ್ಟು ಕಂದುವುದರಿಂದ ಕೆಲಸವಾಯಿತೆಂದು ಅನಿಸುತ್ತದೆ. ಆದರೆ ಕರಿಕೆ, ಜೇಕು ಮತ್ತೆ ಚಿಗುರುತ್ತವೆ. ಹೊಲದಲ್ಲಿ ಉಳಿಯುವುದು ಸೋಡಿಯಂ. ಅದು ಎರೆಮಣ್ಣಿನ ಕಣಗಳಿಗೆ ಅಂಟಿದ ಸುಣ್ಣಾಂಶವನ್ನು ಹೊರದೂಡಿ ತಾನು ಕೂಡುತ್ತದೆ. ಜಿಗಟು ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತವೆ. ಆಗ ಮಳೆನೀರು ಇಂಗದೆ ಮೇಲೆ ನಿಲ್ಲುತ್ತದೆ, ಒಣಗಿದರೆ ಮಣ್ಣು ಕಲ್ಲಾಗುತ್ತದೆ, ಮೊಳಕೆ ಮೇಲೇಳುವುದಿಲ್ಲ. ರಾಮದುರ್ಗ, ಸವದತ್ತಿಯಂಥ ಕಡಿಮೆ ಮಳೆಯ ಕಡೆ ಈ ಉಪ್ಪು ತೊಳೆದು ಆಳಕ್ಕಿಳಿಯುವುದೂ ಇಲ್ಲ. ಮಲಪ್ರಭಾ ಕಾಲುವೆ ನೀರಿನ ಭಾಗದಲ್ಲಿ ಸವಳಾದ ಭೂಮಿ ನಮ್ಮ ಕಣ್ಣೆದುರಿಗೇ ಇದೆ. ಅಂಥ ಮಣ್ಣನ್ನು ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆದು ಸರಿಪಡಿಸಲು ವರ್ಷಗಳೇ ಬೇಕು. ವರ್ಷವರ್ಷವೂ ಪಂಪಿಗೆ ಮುಷ್ಟಿ ಮುಷ್ಟಿ ಉಪ್ಪು ಹಾಕುವವರು ಆ ದಾರಿಗೇ ಹೊರಟಿದ್ದಾರೆ. ‘ಗೋಮೂತ್ರ ಸೇರಿದೆಯಲ್ಲ’ ಎಂಬ ಸಮಾಧಾನ ಬೇಡ. ಅದು ಉಪ್ಪಿನ ಗುಣ ಬದಲಿಸುವುದಿಲ್ಲ.

ಕಣಿಕೆ ರಸಕ್ಕೂ ಬೆಳೆ-ಕಳೆಯ ಭೇದವಿಲ್ಲ. ಆದ್ದರಿಂದ ಸಿಂಪಡಿಸುವ ಮೊದಲು ನಿಮ್ಮ ಬೀಜದ ಹತ್ತು ಕಾಳುಗಳನ್ನು ಪಂಪಿಗೆ ಹಾಕುವಷ್ಟೇ ತೆಳುವಾದ ರಸದಲ್ಲಿ, ಇನ್ನು ಹತ್ತನ್ನು ಬರಿ ನೀರಿನಲ್ಲಿ ಒದ್ದೆಮಾಡಿದ ಬಟ್ಟೆಯಲ್ಲಿ ಕಟ್ಟಿಡಿ. ರಸದಲ್ಲಿಟ್ಟ ಕಾಳಿನ ಬೇರು ಗಿಡ್ಡವಾಗಿ ಕಂಡರೆ ಬೆಳೆಯ ಎಲೆಗೆ ತಾಗದಂತೆ ನಳಿಗೆಗೆ ಮುಚ್ಚಳ ಕಟ್ಟಿಯೇ ಸಿಂಪಡಿಸಿ.

ಕಾಂಗ್ರೆಸ್ ಕಸದ ರಸವೂ ಕಳೆ ತಡೆಯುತ್ತದೆ, ಆದರೆ ಚರ್ಮಕ್ಕೆ ಅಲರ್ಜಿ ತರುತ್ತದೆ. ಹೂ ಬಿಟ್ಟ ಗಿಡವನ್ನಂತೂ ಹೊಲಕ್ಕೆ ತರಬೇಡಿ. ಅನುಮಾನವಿದ್ದರೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಸಾವಯವ ಪ್ರಮಾಣಪತ್ರವಿದ್ದವರು ಸಿಂಪಡಿಸಿದ ದಿನ, ಪ್ರಮಾಣವನ್ನು ಹೊಲದ ಡೈರಿಯಲ್ಲಿ ತಪ್ಪದೆ ಬರೆದಿಡಿ.